ಒಣಗಿದ ಸಂಡಿಗೆಗೆ ಮುಸುರೆಯಿಲ್ಲ

ಹಿತ್ತಲಿನಲ್ಲಿ ಬಚ್ಚಲ ಗೋಡೆಗೆ ಒತ್ತಿ ಹಸಿ ಇಟ್ಟಿಗೆಯ ರಾಶಿಯೊಂದು ಬಂದು ಕೂತಿತ್ತು. ನೀರು ತರಲು ಹೋದರೂ ಅದೇ, ಪಾತ್ರೆ ತಿಕ್ಕಲು ಕೂತರೂ ಅದೇ ಕಣ್ಣಿಗೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಅನ್ನಪೂರ್ಣೆ ಮುಖ ಆಚೆ ತಿರುಗಿಸುತ್ತಿದ್ದಳು. ಭಟ್ಟಿಯಲ್ಲಿ ಸುಟ್ಟ ಇಟ್ಟಿಗೆಯಲ್ಲ, ಮಣ್ಣಿಗೆ ಹೊಟ್ಟು ಕಲಸಿ ಬಿಸಿಲಿಗೆ ಒಣಗಿಸಿದ್ದು. ಅಮಾವಾಸ್ಯೆ ಕಳೆದ ಮರುದಿನ ಗೌಂಡಿ ಬರುವವನಿದ್ದ. ಬಂದು ಆ ಇಟ್ಟಿಗೆಗಳನ್ನೆಲ್ಲ ಮಾಳಿಗೆಗೆ ಏರಿಸಿ, ಇವರ ಮನೆಗೂ ಪಕ್ಕದ ಮನೆಗೂ ನಡುವೆ ಆಳೆತ್ತರದ ಗೋಡೆ ಎಬ್ಬಿಸುವವನಿದ್ದ.

ಗೋಡೆ ಎದ್ದರೆ ಜೈನಬಿ ಇಲ್ಲ. ಜೈನಬಿ ಇಲ್ಲದಿದ್ದರೆ ಈ ನವಲಗುಂದದಲ್ಲಿ ಅನ್ನಪೂರ್ಣೆಗೆ ಮಾತಾಡಲು ಉಳಿಯುವವು ಕಾಗೆಗಳು ಮಾತ್ರ.

ಅವಳ ತವರು ಕಲಘಟಗಿ. ಅಲ್ಲಿ ಮನೆಯ ಹಿಂದೆ ಹಲಸು, ಮುಂದೆ ಮಾವು, ಕಣ್ಣು ಹಾಯಿಸಿದಷ್ಟು ಹಸಿರು. ಮದುವೆಯಾಗಿ ಇಲ್ಲಿಗೆ ಬಂದರೆ ಎರೆಮಣ್ಣಿನ ಬಯಲು. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟು ಕೂತಿರುತ್ತದೆ. ಗಂಡ ಪ್ರಭಂಜನ ಹೈಸ್ಕೂಲು ಮಾಸ್ತರ, ಒಳ್ಳೆಯವನೇ, ಆದರೆ ಏನು ಹೇಳಿದರೂ ಪತ್ರಿಕೆಯ ಹಿಂದಿನಿಂದ 'ಹೂಂ' ಎಂದಷ್ಟೇ ಕೇಳಿಸುವುದು. ಮಾವ ಕೃಷ್ಣಾಜಿಯವರು ಇವಳು ಬರುವ ಮೊದಲೇ ತೀರಿಕೊಂಡಿದ್ದರು. ಉಳಿದವರು ಅತ್ತೆ ದ್ವಾರಕಾಬಾಯಿ. ಅವರ ಮಡಿಯ ಮುಂದೆ ಮಠದ ಆಚಾರ್ಯರೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು.

ಆ ಕಡೆಯ ಊರುಗಳಲ್ಲಿ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಒಂದಕ್ಕೊಂದು ಭುಜ ಕೊಟ್ಟು ನಿಂತವು. ಬೆಕ್ಕುಗಳು ಓಣಿಯ ಈ ತುದಿಯಿಂದ ಆ ತುದಿಗೆ ಮಾಳಿಗೆಯ ಮೇಲೆಯೇ ಹೋಗುತ್ತವೆ, ಹೆಂಗಸರ ಸುದ್ದಿಗಳೂ ಹಾಗೆಯೇ. ದ್ವಾರಕಾಬಾಯಿಯವರ ಮಾಳಿಗೆಗೂ ನಿಜಾಮಸಾಬನ ಮಾಳಿಗೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಒಂದು ಮಣ್ಣಿನ ಕಟ್ಟೆ. ನಿಜಾಮಸಾಬನ ಹೆಂಡತಿ ಜೈನಬಿ ಮನೆಯಲ್ಲೇ ಮಗ್ಗ ಹಾಕಿಕೊಂಡು ಜಮಖಾನ ನೇಯುವವಳು. ಅವನು ಅವನ್ನು ಹೆಗಲ ಮೇಲೆ ಹೊತ್ತು ಸಂತೆ ಸಂತೆ ತಿರುಗುವವನು. ಜೈನಬಿಯ ತವರು ದುಮ್ಮವಾಡ. ಕಲಘಟಗಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಎಂದು ಇಬ್ಬರೂ ಸೇರಿ ತೀರ್ಮಾನಿಸಿಬಿಟ್ಟಿದ್ದರು. ಅದು ನಿಜವಲ್ಲ, ಆದರೆ ತವರಿನ ವಿಷಯದಲ್ಲಿ ಹೆಂಗಸರು ಹೇಳುವ ದೂರವನ್ನು ಯಾರೂ ಅಳೆಯಬಾರದು.

ಕಟ್ಟೆಯ ಮೇಲೆ ಏನು ದಾಟಬಹುದು, ಏನು ದಾಟಬಾರದು ಎಂಬುದಕ್ಕೆ ಒಂದು ಕಾಯದೆ ಇತ್ತು. ಹಸಿಯದು ನಡೆಯುತ್ತದೆ, ಬೇಯಿಸಿದ್ದು ನಡೆಯುವುದಿಲ್ಲ. ಇಡೀ ಮಾವಿನಕಾಯಿ ನಡೆಯುತ್ತದೆ. ಹೆಚ್ಚಿದ್ದಾದರೆ ಒಂದು ಮಾತು ಬರಬಹುದು. ಹೆಚ್ಚಿ ಉಪ್ಪು ಹಚ್ಚಿದರೆ ಮುಗಿಯಿತು, ಅದು ಅಡುಗೆಯಾದಂತೆ. ಅನ್ನ, ಅಂಬಲಿ, ಬೇಯಿಸಿದ ಹಿಟ್ಟು, ಇವೆಲ್ಲ ಮುಸುರೆ; ಮಡಿಯಿಲ್ಲದವರು ಮುಟ್ಟಿದರೆ ದೇವರಿಗೂ ಇಲ್ಲ, ಮನೆಯವರಿಗೂ ಇಲ್ಲ, ದನಕ್ಕೇ. ಆದರೆ ಅದೇ ಬೇಯಿಸಿದ ಹಿಟ್ಟು ಸಂಡಿಗೆಯಾಗಿ ಬಿಸಿಲಲ್ಲಿ ಖಟ್ಟನೆ ಒಣಗಿತೆನ್ನಿ, ಮತ್ತೆ ಹಸಿ ಧಾನ್ಯಕ್ಕೆ ಸಮ; ಯಾರು ಮುಟ್ಟಿದರೂ ನಡೆಯುತ್ತದೆ. ಈ ಕಾಯದೆ ಅನ್ನಪೂರ್ಣೆಗಿಂತ ಚೆನ್ನಾಗಿ ಜೈನಬಿಗೆ ಬಾಯಿಪಾಠವಾಗಿತ್ತು. ಮುರಿದವಳೂ ಅವಳೇ. ಒಂದು ಮಧ್ಯಾಹ್ನ ಗಿಣಿಮೂತಿ ಮಾವಿನಕಾಯಿಯನ್ನು ತೆಳ್ಳಗೆ ಸೀಳಿ, ಉಪ್ಪು ಖಾರ ಹಚ್ಚಿ, ತಟ್ಟೆಯಲ್ಲಿ ಕಟ್ಟೆಯ ಮೇಲಿಟ್ಟಳು. ಅನ್ನಪೂರ್ಣೆಯ ಬಾಯಲ್ಲಿ ನೀರೂರಿತು. ಒಂದು ಹೋಳು ತಿಂದಳು, ಎರಡು ತಿಂದಳು. ಮೂರನೆಯದಕ್ಕೆ ಕೈ ಹಾಕುವಾಗ ಹಿಂದೆ ಮೆಟ್ಟಿಲ ಬಾಯಿಯಲ್ಲಿ ಅತ್ತೆ ನಿಂತಿದ್ದರು.

"ಉಪ್ಪ ಹಚ್ಚೇದೋ ಇಲ್ಲೋ?" ಎಂದಷ್ಟೇ ಕೇಳಿದರು.

ಇಲ್ಲ ಎನ್ನಬಹುದಿತ್ತು. ಆದರೆ ತುಟಿಯ ಮೇಲೆ ಖಾರಪುಡಿ ಕೆಂಪಗೆ ಕೂತಿತ್ತು. ಎರಡು ದಿನದಲ್ಲಿ ಇಟ್ಟಿಗೆಯ ಬಂಡಿ ಬಂತು.

ಇಷ್ಟೆಲ್ಲ ಆದರೂ ದ್ವಾರಕಾಬಾಯಿ ಕೆಟ್ಟವರು ಎಂದು ಹೇಳಲು ಅನ್ನಪೂರ್ಣೆಗೆ ನಾಲಿಗೆ ಏಳುತ್ತಿರಲಿಲ್ಲ. ಸಂಡಿಗೆಯ ದಿನವಂತೂ ಅವರು ಬೇರೆಯೇ ಮನುಷ್ಯರು. ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ, ಮಡಿಸೀರೆ ಉಟ್ಟು, ದೊಡ್ಡ ಹಿತ್ತಾಳೆಯ ಪಾತ್ರೆಯಲ್ಲಿ ಅಕ್ಕಿಹಿಟ್ಟು ಕುದಿಸುತ್ತ ಕೂತರೆ ಮನೆಯೆಲ್ಲ ಇಂಗು ಜೀರಿಗೆಯ ವಾಸನೆ. ಗಟ್ಟಿಯಾದ ಹಿಟ್ಟು ಗುಳು ಗುಳು ಎಂದು ಉಸಿರಾಡುವುದನ್ನು ನೋಡುವುದೇ ಒಂದು ಸುಖ. ದೇವರ ಮುಂದೆ ಒಂದಿಷ್ಟು ಇಟ್ಟ ಮೇಲೆ, ಬಾಳೆಲೆಯ ತುಂಡಿನ ಮೇಲೆ ಒಂದು ಸೌಟು ಬಿಸಿ ಹಿಟ್ಟು ಹಾಕಿ, ನಡುವೆ ಕುಳಿ ಮಾಡಿ ಶೇಂಗಾ ಎಣ್ಣೆ ಸುರಿದು, "ತಿನ್ನು, ತಿನ್ನು, ಆರಿದ್ರ ಅಂಟಾಗ್ತದ," ಎಂದು ಸೊಸೆಯ ಮುಂದೆ ಸರಿಸುತ್ತಿದ್ದರು. ಇವಳು ಉಫ್ ಉಫ್ ಎಂದು ಊದಿಕೊಂಡು ತಿನ್ನುವುದನ್ನು ನೋಡುತ್ತ ಅವರ ಮುಖದ ಗೆರೆಗಳೆಲ್ಲ ಸಡಿಲಾಗುತ್ತಿದ್ದವು. ಆಗ ಕೇಳಿದರೆ ಇಟ್ಟಿಗೆಯ ಬಂಡಿಯನ್ನು ವಾಪಸು ಕಳಿಸುತ್ತಿದ್ದರೋ ಏನೋ. ಕೇಳುವ ಧೈರ್ಯ ಆಗಲಿಲ್ಲ.

ಆ ವರ್ಷ, ಎಪ್ಪತ್ತಾರರ ಬೇಸಿಗೆಯಲ್ಲಿ, ಮಾವನವರ ಹಳೆಯ ಧೋತರ ನಾಲ್ಕನ್ನು ಮಾಳಿಗೆಯ ಮೇಲೆ ಹಾಸಿ ಸಂಡಿಗೆ ಇಟ್ಟರು. ವರ್ಷದ ಹಬ್ಬಗಳಿಗೆಲ್ಲ, ದೇವರ ನೈವೇದ್ಯದ ಎಲೆಗೆ, ಬಂದುಹೋಗುವವರಿಗೆ ಇದೇ ಸಂಡಿಗೆ. ಮೊದಲ ದಿನ ಒಂದು ಮೈ ಒಣಗಿತು. ಎರಡನೆಯ ದಿನ ಬೆಳಿಗ್ಗೆ ಇಬ್ಬರೂ ಮಡಿಯಲ್ಲೇ ಕೂತು ಅವನ್ನು ಬಿಡಿಸಿ, ಮಗ್ಗುಲು ಹೊರಳಿಸಿ, ಬಿಡಿಬಿಡಿಯಾಗಿ ಹರವಿದರು. ಅಷ್ಟರಲ್ಲಿ ಅಣ್ಣಿಗೇರಿಯಿಂದ ಆಳು ಬಂದ. ದ್ವಾರಕಾಬಾಯಿಯವರ ಅಕ್ಕ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಿದ್ದರು.

ಪ್ರಭಂಜನ ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಹೋಗಿದ್ದ. ದ್ವಾರಕಾಬಾಯಿ ತಾವೇ ಹೊರಡಬೇಕಾಯಿತು. ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಹೇಳಿದರು: "ಸಂಜಿ ಬಸ್ಸಿಗೆ ಬರ್ತೀನಿ. ಇನ್ನೊಂದ ಬಿಸಲ ಬಿದ್ರ ಸಾಕು, ಒಣಗ್ತಾವ. ಮಡೀಲೇ ಇರು, ಕಾಗಿ ಕಾಯಿ. ನಾ ಬರೂತನಾ ಅವನ್ನ ಮಂದಿ ಮುಟ್ಟಬಾರದು." ಆಮೇಲೆ ಮಾಳಿಗೆಯ ಕಡೆ ಕಣ್ಣೆತ್ತಿ, "ಯಾರೂ," ಎಂದು ಇನ್ನೊಮ್ಮೆ ಹೇಳಿದರು. ಆ 'ಯಾರೂ' ಎಂಬುದಕ್ಕೆ ಹೆಸರು ಹೇಳುವ ಅಗತ್ಯವಿರಲಿಲ್ಲ.

ಮೆಟ್ಟಿಲು ಮಾಳಿಗೆಗೆ ಬಾಯಿ ತೆರೆಯುವಲ್ಲಿ ತಗಡಿನ ಒಂದು ಮಾಡು ಇತ್ತು. ಅದರ ನೆರಳಲ್ಲಿ ಕರಿಬಟ್ಟೆ ಕಟ್ಟಿದ ಕೋಲು ಹಿಡಿದು ಅನ್ನಪೂರ್ಣೆ ಕೂತಳು. ಆಚೆಯ ಮಾಳಿಗೆಯಲ್ಲಿ ಜೈನಬಿ ಹಗ್ಗ ಕಟ್ಟಿ ಶಾವಿಗೆ ಒಣಹಾಕಿದ್ದಳು. ವಾರವಿಡೀ ಅಕ್ಕನ ಮಗಳನ್ನು ಕರೆಸಿಕೊಂಡು, ಜವೆಗೋಧಿಯ ರವೆ ನಾದಿ, ಮಣೆಯ ಮೇಲೆ ಹೊಸೆದು ಹೊಸೆದು ತೆಗೆದದ್ದು. ರಂಜಾನಿನ ಸುರಕುಂಬಾಕ್ಕೂ ಅದೇ, ಶ್ರಾವಣದಲ್ಲಿ ಹಡೆಯಲು ಬರುವ ಮಗಳ ಬಾಣಂತನಕ್ಕೂ ಅದೇ. ಕೂದಲಿಗಿಂತ ಒಂಚೂರು ದಪ್ಪ, ಅಷ್ಟೇ. ಹಿಂದಿನ ದಿನ ಸಂಡಿಗೆ ಇಡುತ್ತಿದ್ದ ದ್ವಾರಕಾಬಾಯಿಯವರೇ ಅದನ್ನು ನೋಡಿ, "ಎಳಿ ನೋಡು, ಎಷ್ಟ ಸಣ್ಣ ತಗದಾಳ. ಸೊಂಟ ಬಿದ್ದಹೋಗ್ತದ ಅಷ್ಟು ತಗೀಬೇಕಂದ್ರ," ಎಂದಿದ್ದರು. ಹೊಗಳಿದ್ದು ಯಾರನ್ನೆಂದು ನೆನಪಾಗಿ ಕೂಡಲೇ ಬಾಯಿ ಬಿಗಿಹಿಡಿದಿದ್ದರು.

"ಬಾಯಾರ ಹೋದ್ರೇನ್ರಿ?" ಜೈನಬಿ ಕೇಳಿದಳು.

"ಹೂಂ, ಜೈನಬಕ್ಕ. ಇವತ್ತ ಮಾತ ಬ್ಯಾಡ್ರಿ," ಅನ್ನಪೂರ್ಣೆ ತಲೆ ತಗ್ಗಿಸಿಯೇ ಹೇಳಿದಳು. "ಹೆಂಗೂ ಇನ್ನ ಎಷ್ಟ ದಿನಾ. ಅಮಾಸಿ ಆದ್ರ ಮುಗೀತು."

ಜೈನಬಿಗೆ ಗೋಡೆಯ ಸುದ್ದಿ ಗೊತ್ತಿತ್ತು. ಓಣಿಗೇ ಗೊತ್ತಿತ್ತು. ಅವಳು ಹಗ್ಗದ ಮೇಲಿನ ಶಾವಿಗೆಯನ್ನು ಬೆರಳಿನಿಂದ ಬಿಡಿಸತೊಡಗಿದಳು.

ಹೊತ್ತು ನೆತ್ತಿಗೆ ಏರಿತು. ಮಾಳಿಗೆಯ ಮಣ್ಣು ಕಾದ ಹಂಚಿನಂತಾಯಿತು. ಅನ್ನಪೂರ್ಣೆಗೆ ಬೆಳಗಿನಿಂದ ಸೊಂಟ ಎಳೆಯುತ್ತಿತ್ತು, ಸಂಡಿಗೆಯ ಕೆಲಸದ ದಣಿವು ಎಂದುಕೊಂಡಿದ್ದಳು. ಕಾಗೆ ಹೊಡೆಯಲು ಎದ್ದಾಗ ತಿಳಿಯಿತು, ದಣಿವಲ್ಲ. ತಿಂಗಳ ಹೊತ್ತು ಬಂದಿತ್ತು, ಇನ್ನೂ ವಾರವಿದೆ ಎಂದು ಲೆಕ್ಕ ಹಾಕಿಕೊಂಡಾಗಲೇ.

ಕೋಲು ಬಿಟ್ಟು ದೂರ ಸರಿದಳು. ಹೊರಗಾದವಳು, ಈ ಕಡೆಯವರ ಮಾತಿನಲ್ಲಿ ಕಡಿಗಾದವಳು, ಸಂಡಿಗೆ ಮುಟ್ಟುವುದಿರಲಿ, ನೆರಳು ಬಿದ್ದರೂ ಅವು ಎಣ್ಣೆಗೆ ಹಾಕಿದಾಗ ಕೆಂಪಾಗುತ್ತವೆ ಎಂದು ತವರಿನಲ್ಲಿ ಅಜ್ಜಿ ಹೇಳಿದ್ದು ಕೇಳಿದ್ದಳು. ಹಾಗೆ ಕೆಂಪಾದ ಸಂಡಿಗೆಯನ್ನು ಅಜ್ಜಿಯೂ ನೋಡಿರಲಿಲ್ಲ, ಅಜ್ಜಿಯ ಅಜ್ಜಿಯೂ ನೋಡಿರಲಿಕ್ಕಿಲ್ಲ. ಆದರೆ ನೋಡಿದ್ದಕ್ಕಿಂತ ಕೇಳಿದ್ದಕ್ಕೇ ಹೆದರಿಕೆ ಜಾಸ್ತಿ. ನೆರಳು ಬೀಳದಂತೆ ಅವಳು ಮೆಟ್ಟಿಲ ಮೊದಲ ಹಂತಕ್ಕೆ ಇಳಿದು ನಿಂತಳು.

"ಯಾಕ್ರಿ ಸಣ್ಣ ಬಾಯಾರ?" ಎಂದಳು ಜೈನಬಿ.

ಅನ್ನಪೂರ್ಣೆ ಹೇಳಿದಳು. ಹೇಳುವಾಗ ಅಳು ಬಂತು. ಜೈನಬಿ ಮೊದಲು ಅಯ್ಯೋ ಎಂದಳು, ಆಮೇಲೆ ನಗು ತಡೆಯಲಾರದೆ, "ಹಂಗಾರ ಇವತ್ತ ನೀವೂ ನಮ್ಮ ಜಾತಿನ ಆದ್ರಿ ಬಿಡ್ರಿ," ಎಂದಳು. "ಅಳಬ್ಯಾಡ್ರಿ. ಕಾಗಿ ನಾ ನೋಡ್ತೀನಿ, ಇಲ್ಲಿಂದನ. ಬಾಯಾರ ಸಂಜೀಕ ಬಂದ ತಗೀತಾರ."

ಅದೇನೋ ಸರಿಯೇ. ಸಂಜೆಯವರೆಗೆ ಬಿಸಿಲು ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಇಳಿಹೊತ್ತಿಗೆ ಗಾಳಿ ನಿಂತುಹೋಯಿತು. ಕಾಗೆಗಳೂ ಎಲ್ಲಿಗೋ ಹೋದವು. ಪಡುವಣದಲ್ಲಿ, ಧಾರವಾಡದ ದಿಕ್ಕಿಗೆ, ಒಂದು ಕರಿಯ ಗೆರೆ ಎದ್ದಿತು. ಅನ್ನಪೂರ್ಣೆ ಅದನ್ನು ನೋಡಿದಳು, ನೋಡಲಿಲ್ಲ ಎಂದುಕೊಂಡಳು, ಮತ್ತೆ ನೋಡಿದಳು. ಗೆರೆ ಗೋಡೆಯಾಗಿತ್ತು. ಅಡ್ಡಮಳೆಗೆ ಹೇಳಿಕೇಳಿ ಬರುವ ರೂಢಿಯಿಲ್ಲ. ಮೊದಲು ಧೂಳಿನ ಗಾಳಿ ಓಣಿಯ ಕಸವನ್ನೆಲ್ಲ ಮಾಳಿಗೆಗೆ ಎತ್ತಿ ಹಾಕಿತು. ಧೋತರದ ಒಂದು ಮೂಲೆ ಎದ್ದು, ಕೆಲವು ಸಂಡಿಗೆಗಳು ಮಣ್ಣಿನಲ್ಲಿ ಉರುಳಿದವು.

ಆಚೆಯ ಮಾಳಿಗೆಯಲ್ಲಿ ಜೈನಬಿ ಬುಟ್ಟಿ ಹಿಡಿದು ಓಡಿಬಂದಿದ್ದಳು. ಅಕ್ಕನ ಮಗಳು ಹಿಂದಿನ ದಿನವೇ ಊರಿಗೆ ಹೋಗಿದ್ದಳು, ಅವಳೊಬ್ಬಳೇ. ಒಂದು ಹಗ್ಗದ ಶಾವಿಗೆಯನ್ನು ಬುಟ್ಟಿಗೆ ಇಳಿಸಿ ತಿರುಗಿದವಳಿಗೆ ಮೆಟ್ಟಿಲ ಬಾಯಲ್ಲಿ ಕೈ ಕಟ್ಟಿ ನಿಂತ ಅನ್ನಪೂರ್ಣೆ ಕಂಡಳು.

"ಏನ ನೋಡ್ಕೋತ ನಿಂತೀರಿ! ತಗೀರಿ!"

"ನಾ ಮುಟ್ಟೂಹಂಗಿಲ್ಲಲ್ಲಾ!"

"ಯಾರ ನೋಡ್ತಾರ್ರಿ? ತಗದ ಒಳಗ ಹಾಕ್ರಿ!"

ಅದು ಅನ್ನಪೂರ್ಣೆಗೂ ಹೊಳೆದಿತ್ತು. ಮಳೆಯಾದ ಮೇಲೆ ಹೊರಗಾದೆ ಎಂದರೆ ಮುಗಿಯಿತು. ಅವಳು ಒಂದು ಹೆಜ್ಜೆ ಮೇಲೆ ಬಂದಳು, ಹತ್ತಿರದ ಧೋತರದ ಕಡೆ ಬಗ್ಗಿ ಕೈ ಚಾಚಿದಳು. ದೇವರ ಎಲೆಯ ಮೇಲೆ ಕೆಂಪಗೆ ಬಿದ್ದಿರುವ ಸಂಡಿಗೆ ಕಣ್ಣಿಗೆ ಕಟ್ಟಿತು. ಕೈ ಹಿಂದಕ್ಕೆ ಬಂತು. ತನ್ನ ಮೇಲೆಯೇ ಅವಳಿಗೆ ರೋಷ ಬಂತು, ಆದರೆ ಕೈ ಮತ್ತೆ ಮುಂದಕ್ಕೆ ಹೋಗಲಿಲ್ಲ. ಮಡಿಯ ಕಾಯದೆ ಬರೆದವರು ಯಾರೋ ಗೊತ್ತಿಲ್ಲ, ಮಳೆಯಲ್ಲಿ ಸಂಡಿಗೆ ಎತ್ತಿದವರಂತೂ ಅಲ್ಲ.

ಮೊದಲ ಹನಿಗಳು ತಗಡಿನ ಮೇಲೆ ಟಪ್ ಟಪ್ ಎಂದವು.

ಜೈನಬಿ ಕಟ್ಟೆಯ ಹತ್ತಿರ ಬಂದು ನಿಂತಿದ್ದಳು. ಕಟ್ಟೆಯ ಮೇಲೆ ಕಾಲಿಟ್ಟಿರಲಿಲ್ಲ. "ನಾ ತಗೀಲೇನ್ರಿ?" ಎಂದು ಕೇಳಿದಳು.

ಇತ್ತ ದರಿ, ಅತ್ತ ಪುಲಿ. ಬೇಡ ಎಂದರೆ ವರ್ಷದ ಸಂಡಿಗೆ ಕಣ್ಣೆದುರಿಗೆ ಅಂಬಲಿಯಾಗುತ್ತದೆ. ಹೂಂ ಎಂದರೆ ಅತ್ತೆ 'ಯಾರೂ' ಎಂದು ಯಾರ ಮಾಳಿಗೆಯ ಕಡೆ ಕಣ್ಣೆತ್ತಿದ್ದರೋ ಅವಳ ಕೈಯಿಂದಲೇ ಎತ್ತಿಸಿದಂತೆ. ಉಪ್ಪು ಹಚ್ಚಿದ ಒಂದು ಮಾವಿನ ಹೋಳಿಗಾಗಿ ಬಂಡಿ ಇಟ್ಟಿಗೆ ಬಂದಿತ್ತು. ಇದಕ್ಕೆ ಗೌಂಡಿಯನ್ನು ಅಮಾವಾಸ್ಯೆಯವರೆಗೂ ಕಾಯಿಸುವುದಿಲ್ಲ, ನಾಳೆಯೇ ಕರೆಸುತ್ತಾರೆ. ಜೈನಬಿ ಇನ್ನೂ ಕಾಯುತ್ತಿದ್ದಳು. ಅವಳ ಹಿಂದೆ ಎರಡು ಹಗ್ಗದ ತುಂಬ ಶಾವಿಗೆ ಗಾಳಿಗೆ ಹೊಯ್ದಾಡುತ್ತಿತ್ತು.

"ತಗೀರಿ!" ಅನ್ನಪೂರ್ಣೆ ಕೂಗಿದಳು. "ಜೈನಬಕ್ಕ, ತಗೀರಿ!"

ಜೈನಬಿ ಸೀರೆ ಎತ್ತಿಕಟ್ಟಿ ಕಟ್ಟೆ ಹಾರಿದಳು. ಧೋತರದ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿ, ಎದೆಗವಚಿಕೊಂಡು, ತಗಡಿನ ಮಾಡಿನ ಕೆಳಗೆ ತಂದಿಟ್ಟಳು. ಇನ್ನೊಂದಕ್ಕೆ ಓಡಿದಳು. ಅನ್ನಪೂರ್ಣೆ ಮೆಟ್ಟಿಲಲ್ಲಿ ಗೋಡೆಗೆ ಅಂಟಿ ನಿಂತು ನೋಡುತ್ತಿದ್ದಳು, ಕೈಯಿದ್ದೂ ಕೈಯಿಲ್ಲದವಳಂತೆ. ಮೂರನೆಯ ಗಂಟು ಬರುವಾಗ ಮಳೆ ಜೋರಾಯಿತು. ನಾಲ್ಕನೆಯದನ್ನು ಜೈನಬಿ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಆಮೇಲೆ ತನ್ನ ಮಾಳಿಗೆಯ ಕಡೆ ತಿರುಗಿದಳು.

ಹಗ್ಗವೊಂದು ಹರಿದು ಬಿದ್ದಿತ್ತು. ಶಾವಿಗೆ ಮಣ್ಣಿನ ನೀರಿನಲ್ಲಿ ಮುದ್ದೆ ಮುದ್ದೆಯಾಗಿ ತೇಲುತ್ತಿತ್ತು. ಇನ್ನೊಂದು ಹಗ್ಗದ ಮೇಲಿನದು ಕರಗಿ ಎಳೆಯೇ ಇಲ್ಲದಂತೆ ಜೋತುಬಿದ್ದಿತ್ತು. ಜೈನಬಿ ಮಳೆಯಲ್ಲೇ ನಿಂತು ಸ್ವಲ್ಪ ಹೊತ್ತು ಅದನ್ನು ನೋಡಿದಳು.

"ಜೈನಬಕ್ಕ…" ಎಂದಳು ಅನ್ನಪೂರ್ಣೆ.

"ಇರ್ಲಿ ಬಿಡ್ರಿ. ಒಂದ ಬುಟ್ಟಿ ಉಳದಾವ." ಜೈನಬಿ ಮುಖ ಒರೆಸಿಕೊಂಡಳು. "ಕೇಳ್ರಿ ಇಲ್ಲೆ. ನಾ ತಗದೆ ಅಂತ ಬಾಯಾರ ಮುಂದ ಹೇಳಬ್ಯಾಡ್ರಿ. ನೀವ ತಗದ್ರಿ, ಆಮ್ಯಾಲೆ ಕಡಿಗಾದ್ರಿ. ತಿಳೀತಿಲ್ಲೊ?" ಎಂದು ಹೇಳಿ ಕಟ್ಟೆ ದಾಟಿ ಇಳಿದುಹೋದಳು.

ಅನ್ನಪೂರ್ಣೆ ಕೆಳಗೆ ಬಂದು ಹಿತ್ತಲ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತಳು. ಎದುರಿಗೆ ಇಟ್ಟಿಗೆಯ ರಾಶಿ ಮಳೆಗೆ ಮೈಯೊಡ್ಡಿ ಕೂತಿತ್ತು. ತಾಡಪತ್ರಿ ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಇಟ್ಟಿಗೆಗೆ ಮಡಿಯಿಲ್ಲ, ಮೈಲಿಗೆಯಿಲ್ಲ. ಹೊರಗಾದವಳೂ ಎದ್ದುಹೋಗಿ ಮುಚ್ಚಬಹುದಿತ್ತು. ಅವಳು ತಾಡಪತ್ರಿಯನ್ನು ನೋಡಿದಳು, ಇಟ್ಟಿಗೆಯನ್ನು ನೋಡಿದಳು, ಕೂತಲ್ಲೇ ಕೂತಳು.

ಮನಸ್ಸಿನಲ್ಲಿ ಅವಳು ಸುಳ್ಳನ್ನು ತಿದ್ದಿ ತೀಡುತ್ತಿದ್ದಳು. 'ಮಳಿ ಬಂತ್ರಿ, ತಗದಿಟ್ಟೆ, ಆಮ್ಯಾಲೆ ನೋಡ್ತೀನಿ, ಕಡಿಗಾಗಿದ್ದೆ.' ಎಷ್ಟು ಸಲೀಸು! ಗೋಡೆಯ ಮಾತು ಇನ್ನೊಂದಿಷ್ಟು ದಿನವಾದರೂ ಮುಂದೆ ಹೋದೀತು. ಆದರೆ ಸುಳ್ಳು ಹೇಳಿದರೆ ಆ ಶಾವಿಗೆ ಸುಮ್ಮನೆ ಹೋದಂತೆ. ಜೈನಬಿ ಏನು ಕಳೆದುಕೊಂಡಳು, ಯಾರಿಗಾಗಿ ಕಳೆದುಕೊಂಡಳು ಎಂಬುದು ಈ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಅವಳಿಗೆ ಸಂಡಿಗೆಗಿಂತ, ಗೋಡೆಗಿಂತ ಹೆಚ್ಚು ಚುಚ್ಚುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮಳೆ ನಿಂತಿತು. ಬಸ್ಸು ಬಂದ ಸದ್ದಾಯಿತು. ದ್ವಾರಕಾಬಾಯಿ ಅರ್ಧ ತೋಯ್ದು, ಕೆಸರು ಮೆತ್ತಿದ ಕಾಲಲ್ಲಿ ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದರು.

"ಸಂಡಿಗಿ?"

"ತಗಡಿನ ಕೆಳಗ ಅದಾವ್ರಿ," ಅನ್ನಪೂರ್ಣೆ ಎದ್ದುನಿಂತಳು. "ನಾ ಕಡಿಗಾಗೇನ್ರಿ."

ದ್ವಾರಕಾಬಾಯಿ ಅವಳನ್ನೊಮ್ಮೆ ದಿಟ್ಟಿಸಿದರು. ಏನೂ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಒಳ್ಳೆಯದಿತ್ತು. ಬಚ್ಚಲಿಗೆ ಹೋಗಿ ಬಸ್ಸಿನ ಮೈಲಿಗೆ ತೊಳೆದುಕೊಂಡು, ಮಡಿಸೀರೆ ಸುತ್ತಿಕೊಂಡು, ಲಾಟೀನು ಹಿಡಿದು ಮೆಟ್ಟಿಲು ಏರಿದರು.

ಅನ್ನಪೂರ್ಣೆ ಮೇಲೆ ನೋಡುತ್ತ ನಿಂತಳು. ಮಣ್ಣಿನ ಮಾಳಿಗೆಯಲ್ಲಿ ಹೆಜ್ಜೆಯ ಸದ್ದು ಕೆಳಗೆ ಚೆನ್ನಾಗಿ ಕೇಳುತ್ತದೆ. ಹೆಜ್ಜೆಗಳು ತಗಡಿನ ಮಾಡಿನ ಕೆಳಗೆ ನಿಂತವು. ಗಂಟು ಬಿಚ್ಚುತ್ತಿರಬೇಕು. ಬಹಳ ಹೊತ್ತಾಯಿತು. ಆಮೇಲೆ ಹೆಜ್ಜೆಗಳು ಆಚೆ ಹೊರಟವು, ಸಂಡಿಗೆ ಹಾಸಿದ್ದ ಜಾಗ ದಾಟಿದವು, ಇನ್ನೂ ಮುಂದೆ ಹೋದವು. ಕಟ್ಟೆಯ ಹತ್ತಿರ ನಿಂತುಬಿಟ್ಟವು. ಅಲ್ಲಿ ಏನು ನೋಡುತ್ತಿದ್ದಾರೆ? ಯಾರನ್ನಾದರೂ ಕೂಗುತ್ತಾರೆಯೇ? ಯಾವ ಕೂಗೂ ಕೇಳಲಿಲ್ಲ. ಹೆಜ್ಜೆಗಳು ತಿರುಗಿ, ಮೊದಲಿಗಿಂತ ನಿಧಾನವಾಗಿ, ಮೆಟ್ಟಿಲ ಕಡೆ ಬಂದವು.

ಇಳಿದುಬಂದ ದ್ವಾರಕಾಬಾಯಿಯವರ ಕೈಯಲ್ಲಿ ಒಂದು ಸಂಡಿಗೆ ಇತ್ತು. ಪಡಸಾಲೆಯ ಅಂಚಿಗೆ, ಸೊಸೆಯಿಂದ ಮಾರು ದೂರದಲ್ಲಿ ನಿಂತರು.

"ಯಾವಾಗ ಕಡಿಗಾದಿ?"

ಸುಳ್ಳು ನಾಲಿಗೆಯ ತುದಿಯಲ್ಲಿ ತಯಾರಾಗಿ ನಿಂತಿತ್ತು. ಅನ್ನಪೂರ್ಣೆ ಅದನ್ನು ನುಂಗಿದಳು.

"ಮಧ್ಯಾಹ್ನರಿ. ಮಳಿಗಿಂತ ಮೊದಲ."

"ಮತ್ತ ಸಂಡಿಗಿ?"

"ಜೈನಬಕ್ಕ ತಗದ್ರು." ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ಹರಿಯಿತು. "ಆಕಿ ತಾನ ಬಂದಿಲ್ರಿ. ಕಟ್ಟಿ ಮ್ಯಾಲೆ ಕಾಲ ಸೈತ ಇಟ್ಟಿದ್ದಿಲ್ಲ. ತಗೀಲೇನು ಅಂತ ಕೇಳಿದ್ಲು. ನಾನ ತಗೀರಿ ಅಂದೆ. ನಮ್ಮವನ್ನ ತಗಿಯೂದ್ರಾಗ ಆಕೀವ ಹೋದ್ವು. ಬೈಯೂದಿದ್ರ ನನಗ ಬೈರಿ, ಅತ್ತಿಯವರ. ಗೋಡಿ ಕಟ್ಟಸೂದಿದ್ರ ಕಟ್ಟಸ್ರಿ. ಆದ್ರ ಆಕೀ ಶಾವಿಗಿ ಹೋತು."

ಹೇಳಿ ಮುಗಿಸಿದಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ದ್ವಾರಕಾಬಾಯಿ ಲಾಟೀನನ್ನು ಕೆಳಗಿಟ್ಟರು.

"ಗಂಟ ನೋಡೇ ಗೊತ್ತಾತು," ಎಂದರು. "ಅದು ಮಗ್ಗದವರ ಗಂಟು. ನೀ ಹಾಕಿದ್ರ ನಾಕ ಹೆಜ್ಜಿಗೆ ಬಿಚ್ಚಿಹೋಗ್ತಿತ್ತು."

ಮಾಳಿಗೆಯ ಹರನಾಳಿಗೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ದ್ವಾರಕಾಬಾಯಿ ಸಂಡಿಗೆಯನ್ನು ಲಾಟೀನಿನ ಬೆಳಕಿಗೆ ಹಿಡಿದು, ಎರಡೂ ಕೈಯ ಬೆರಳುಗಳಲ್ಲಿ ಮಣಿಸಿದರು. ಒಣಗಿದ ಸಂಡಿಗೆಯಾದರೆ ಚಟ್ ಎಂದು ಮುರಿಯಬೇಕು. ಇದು ಮುರಿಯಲಿಲ್ಲ. ಮೆತ್ತಗೆ ಬಾಗಿತು. ಬಿಟ್ಟಾಗ ಬಾಗಿಯೇ ಉಳಿಯಿತು. ಇಬ್ಬರೂ ಅದನ್ನು ನೋಡಿದರು.

"ಒಣಗ್ಯಾವ," ಎಂದರು ದ್ವಾರಕಾಬಾಯಿ.

ಅನ್ನಪೂರ್ಣೆಗೆ ಅರ್ಥವಾಗಲಿಲ್ಲ. "ಇಲ್ರಿ, ಅವಿನ್ನೂ…"

"ಒಣಗ್ಯಾವ ಅಂದೆ!" ಅವರ ದನಿ ಸಿಟ್ಟಿನಿಂದ ಏರಿತು, ಬಾಗಿದ ಸಂಡಿಗೆ ಸೆರಗಿನ ಮರೆಗೆ ಹೋಯಿತು. "ಇಷ್ಟ ವರ್ಷ ಸಂಡಿಗಿ ಇಟ್ಟಾಕಿ ನಾನೋ ನೀನೋ? ಒಣಗಿದ ಸಂಡಿಗಿಗೆ ಮುಸುರಿ ಇಲ್ಲ. ಯಾರ ಮುಟ್ಟಿದ್ರೇನು."

ಲಾಟೀನು ಎತ್ತಿಕೊಂಡು ಒಳಗೆ ಹೊರಟವರು ಹೊಸ್ತಿಲಲ್ಲಿ ನಿಂತರು. ಇಟ್ಟಿಗೆಯ ರಾಶಿಯ ಕಡೆ ಬೆಳಕು ಹಿಡಿದರು. ಮೇಲಿನ ಸಾಲುಗಳ ಮೂಲೆಗಳೆಲ್ಲ ಕರಗಿ, ಮಣ್ಣು ಕೆಳಗೆ ಹರಿದಿತ್ತು. ಆಕಾಶದಲ್ಲಿ ಮತ್ತೆ ಗುಡುಗು ಹೊರಳಿತು.

"ತಾಡಪತ್ರಿ ಹಾಕ್ಲೇನ್ರಿ?" ಅನ್ನಪೂರ್ಣೆ ಮೆಲ್ಲಗೆ ಕೇಳಿದಳು.

"ಈಗ್ಯಾಕ?" ಎಂದರು ದ್ವಾರಕಾಬಾಯಿ. ಅವರು ಬೈದದ್ದೋ, ಗೋಡೆಯ ಮಾತನ್ನೇ ಬಿಟ್ಟದ್ದೋ ಅನ್ನಪೂರ್ಣೆಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಉಗ್ರಾಣದಲ್ಲಿ ಗೋಧಿಯ ಕಣಜದ ಮುಚ್ಚಳ ತೆಗೆದ ಸದ್ದು ಕೇಳಿತು.

ಮರುದಿನ ಬೆಳಿಗ್ಗೆ ಕಾಸಿದ ಹಾಲಿನಂಥ ಬಿಸಿಲು ಬಿತ್ತು. ಅನ್ನಪೂರ್ಣೆ ಪಡಸಾಲೆಯ ಮೂಲೆಯಿಂದಲೇ ನೋಡಿದಳು: ಅತ್ತೆ ಒಂದು ದೊಡ್ಡ ಬುಟ್ಟಿಯ ತುಂಬ ಜವೆಗೋಧಿ ಹೊತ್ತು ಮೆಟ್ಟಿಲು ಏರಿದರು. ಬರಿಗೈಯಲ್ಲಿ ಇಳಿದುಬಂದರು. ಮತ್ತೆ ಒಣಗಿದ ಧೋತರಗಳನ್ನು ಹೆಗಲ ಮೇಲೆ ಹಾಕಿಕೊಂಡು ಏರಿದರು. ಅನ್ನಪೂರ್ಣೆಗೆ ತಡೆಯಲಾಗಲಿಲ್ಲ. ಮೆಟ್ಟಿಲ ಕೆಳಗೆ ಬಂದು, ಯಾರಿಗೂ ನೆರಳು ಬೀಳದಂತೆ ನಿಂತು, ಕಿವಿಗೊಟ್ಟಳು.

ಮೊದಲು ಜೈನಬಿಯ ದನಿ ಕೇಳಿತು. "ಬಾಯಾರ, ಈ ಗೋದಿ ಯಾರದ್ರಿ? ನಮ್ಮ ಕಡೆ ಬಂದೇತಲ್ಲ?"

"ಹಸೀ ಗೋದಿ ಅದ. ನಡೀತದ," ಎಂದರು ಅತ್ತೆ. "ಒಡಸಿ ರವಾ ಮಾಡ್ಕೋ. ಮಗಳು ಹಡೀಲಿಕ್ಕೆ ಬರ್ತಾಳಂತಲ್ಲ."

ಧೋತರ ಝಾಡಿಸಿ ಹಾಸಿದ ಸದ್ದು. ಸಂಡಿಗೆಗಳನ್ನು ಒಂದೊಂದಾಗಿ ಬಿಡಿಸಿ ಹರವುತ್ತಿರಬೇಕು.

"ಅಲ್ರಿ ಬಾಯಾರ," ಜೈನಬಿಯ ದನಿಯಲ್ಲಿ ಹಳೆಯ ತುಂಟತನವಿತ್ತು. "ಮತ್ಯಾಕ ಬಿಸಲಿಗೆ ಹಾಕಾಕತ್ತೀರಿ? ಇನ್ನೂ ಒಣಗಿಲ್ಲೇನ್ರಿ?"

"ಒಣಗ್ಯಾವ," ಎಂದರು ದ್ವಾರಕಾಬಾಯಿ. "ಗಾಳಿ ಆಡ್ಲಿ ಅಂತ ಹಾಕೀನಿ. ನೀ ಅಲ್ಲೇ ಕೂತ ಒಂದಿಷ್ಟು ಕಾಗಿ ನೋಡು. ನಾ ಕೆಳಗ ಹೋಗಿ ಆಕೀಗೆ ಅನ್ನ ಹಾಕಬೇಕು."